ಮೂರನೇ ಮಹಡಿ

ಆನ್‌ಲೈನ್ ಶೂ ಅಂಗಡಿಯ ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಜರಡಿ ಅಕ್ಕ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಅವಳದು ಒಂದೇ ಕೆಲಸ. ಗಿರಾಕಿ ಬರೆದ ವಿಳಾಸವೂ ಕಾರ್ಡಿಗೆ ಬ್ಯಾಂಕಿನಲ್ಲಿರುವ ವಿಳಾಸವೂ ಹೊಂದುತ್ತವೆಯೇ ಎಂದು ನೋಡುವುದು, ಹೊಂದದಿದ್ದರೆ ಫೋನ್ ಮಾಡಿ ವಿಚಾರಿಸುವುದು. ಕದ್ದ ಕಾರ್ಡಿನವರು ಅವಳ ಎರಡನೇ ಪ್ರಶ್ನೆಗೇ ತಡವರಿಸುತ್ತಿದ್ದರು.

“ನಿಮ್ಮ ಯಜಮಾನ್ರು ಬಾಗಿಲು ತಟ್ಟಿದ್ರೂ ಪಿನ್‌ಕೋಡ್ ಕೇಳಿಯೇ ಒಳಗೆ ಬಿಡ್ತೀರೇನೋ!” ಎಂದು ಪಕ್ಕದ ಮೇಜಿನವಳು ರೇಗಿಸುವಳು.

“ತಪ್ಪು ಹೇಳಿದ್ರೆ ಊಟ ಇಲ್ಲ ಕಣೆ,” ಎಂದು ಇವಳೂ ನಗುವಳು.

ಹೊಸಬರಿಗೆ ಅವಳು ಕಲಿಸುತ್ತಿದ್ದ ಮೊದಲ ಪಾಠ, ವಿಳಾಸವನ್ನು ನಾವು ಓದಬಾರದು, ಅವರ ಬಾಯಿಂದಲೇ ಹೇಳಿಸಬೇಕು.

ಅಂದು ಬಂದದ್ದು ಪುಟ್ಟ ಹುಡುಗಿಯ ಶಾಲೆಯ ಶೂಗಳ ಆರ್ಡರು. ತರಿಸಿದ ಹೆಂಗಸು ಹಳೆಯ ಗಿರಾಕಿ. ಕಾರ್ಡಿನ ವಿಳಾಸ ಒಂದು, ಶೂ ತಲುಪಬೇಕಾದದ್ದು ಇನ್ನೊಂದು. ಕೊಟ್ಟ ಹೊಸ ನಂಬರು ಸ್ವಿಚ್ ಆಫ್. ಹಳೆಯ ಆರ್ಡರಿನಲ್ಲಿದ್ದ ನಂಬರಿಗೆ ಮಾಡಿದಾಗ ಗಂಡಸೊಬ್ಬ ಎತ್ತಿದ. ಬೆಣ್ಣೆಯಂಥ ಮಾತು.

“ನನ್ನ ಹೆಂಡ್ತಿನೇ ಮೇಡಂ ತರಿಸಿರೋದು, ಮಗಳಿಗೆ. ಯಾವ ಅಡ್ರೆಸ್ಸು ಹಾಕಿದಾಳೆ, ಒಂದ್ಸಲ ಓದಿ. ಅವಳು ಸ್ವಲ್ಪ ಮರೆಗುಳಿ.”

ಊಟದ ಹೊತ್ತಾಗಿತ್ತು. ಪಕ್ಕದವಳು ಡಬ್ಬಿ ತೆರೆದು ಕರೆಯುತ್ತಿದ್ದಳು. ಜರಡಿ ಅಕ್ಕ ಓದಿಬಿಟ್ಟಳು. ಮನೆ ನಂಬರು, ಬೀದಿ, ಟೈಲರ್ ಅಂಗಡಿಯ ಮೇಲೆ.

“ಎರಡನೇ ಮಹಡೀನಾ?”

“ಮೂರನೇದು,” ಎಂದು ತಿದ್ದಿದಳು.

ಐದನೇ ದಿನ ಆ ಹೆಂಗಸಿನ ಫೋನ್ ಬಂತು.

“ನಿನ್ನೆ ಶೂ ಬಂತು. ಅದರ ಹಿಂದೇನೇ ಅವನು ಬಂದ. ಅವನ ಹೊಡೆತ ತಾಳಲಾರದೆ ಮನೆ ಬಿಟ್ಟು ಏಳು ತಿಂಗಳಾಗಿತ್ತು. ಪಕ್ಕದ ಮನೆಯವರು ಅಡ್ಡ ನಿಂತ್ರು, ತಪ್ಪಿಸ್ಕೊಂಡ್ವಿ. ಅವನಿಗೆ ಅಡ್ರೆಸ್ಸು ಕೊಟ್ಟಿದ್ದು ಯಾರು?”

“ಅದು… ನಾನು… ವಿಚಾರಿಸ್ತೀನಮ್ಮ,” ಎಂದು ಜರಡಿ ಅಕ್ಕ ಫೋನಿಟ್ಟಳು.

ಹನ್ನೊಂದು ವರ್ಷ ಕಳ್ಳರ ದನಿಯಲ್ಲಿ ಹಿಡಿದ ಆ ತಡವರಿಕೆಯನ್ನು ಈಗ ತನ್ನ ದನಿಯಲ್ಲೇ ಕೇಳಿದ್ದಳು. ಪಕ್ಕದವಳ ಮುಖ ನೋಡಲಾಗದೆ ಎದ್ದು ಹೋಗಿ, ಮೆಟ್ಟಿಲ ಬಳಿ ನಿಂತು ಆ ಹೆಂಗಸಿನ ನಂಬರಿಗೆ ಮಾಡಿದಳು.

“ನಾನೇ ಕಣಮ್ಮ ಓದಿ ಹೇಳಿದ್ದು. ಮಹಡೀನೂ ನಾನೇ ಹೇಳ್ದೆ.”

“ಗೊತ್ತು. ಬಾಗಿಲಲ್ಲಿ ನಿಂತು ಅವನೇ ಹೇಳ್ದ, ಶೂ ಅಂಗಡಿ ಮೇಡಂ ತುಂಬ ಒಳ್ಳೆಯವರು ಅಂತ.”

“ಈಗ ನೀವು ಎಲ್ಲಿ…” ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. “ಮಗು ಹೇಗಿದೆ?”

“ಹೊಸ ಶೂ ಹಾಕ್ಕೊಂಡೇ ಓಡಿ ಬಂದ್ಲು. ಹಿಮ್ಮಡಿಗೆ ಕಚ್ಚಿದೆ.”

ಫೋನ್ ಕಟ್ಟಾಯಿತು. ಒಳಗಿನಿಂದ ಯಾರೋ, “ಜರಡಿ ಅಕ್ಕಾ!” ಎಂದು ಕೂಗಿದರು. ಅವಳು ಮೆಟ್ಟಿಲ ಮೇಲೆ ಕುಳಿತಿದ್ದಳು. ಆ ಹೆಸರಿಗೆ ಓಗೊಡಲಿಲ್ಲ.