ಕೌದಿಯೊಳಗೆ ಬಂದ ಕನ್ನಡಿಯವಳು

ಮಸ್ಕಿಯಿಂದ ಲಿಂಗಸುಗೂರಿಗೆ ಬೆಳಗಿನ ಎಂಟರ ಬಸ್ಸು ಹಿಡಿದೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಟಿಕೆಟ್ ಪುಕ್ಕಟೆ ಸಿಕ್ಕಿತು, ಸೀಟು ಸಿಗಲಿಲ್ಲ. ಮೊಣಕಾಲು ಹಿಡಿದು ಎರಡು ಸಲ ನರಳಿದೆ. ಕಾಲೇಜು ಹುಡುಗಿಯೊಬ್ಬಳು ಎದ್ದಳು. ಆಮೇಲೆ ದಾರಿಯುದ್ದಕ್ಕೂ ಮೊಣಕಾಲು ನೋಯಲಿಲ್ಲ.

ತೊಡೆಯ ಮೇಲೆ ಕೌದಿಯ ಗಂಟಿತ್ತು. ಸಿಂಧನೂರಿನಲ್ಲಿ ಗಂಡನ ಮನೆಯಲ್ಲಿರುವ ಮೊಮ್ಮಗಳು ರೇಣುಕಾ ಎರಡನೆಯ ಸಲ ಹಡೆದು ಒಂದು ತಿಂಗಳಾಗಿತ್ತು. ಅವಳಿಗೆಂದು ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಹೊಲಿದಿದ್ದೆ. ನಡುವಿನ ಚಿತ್ರವೊಂದು ಬಾಕಿ. ಹಿಂದಿನ ದಿನ ಫೋನಿನಲ್ಲಿ ಅವಳ ದನಿ ಸಣ್ಣಗಾಗಿತ್ತು. "ಆಯಿ, ಕೂಸು ಮಲಗಿದ್ರೂ ನನಗ ಮಲಗಾಕ ಬಿಡವಲ್ರು. ಅತ್ತಿ ನಸುಕಿನ್ಯಾಗ ಎಬ್ಬಸ್ತಾರ."

ಅತ್ತೆ ಬಸಮ್ಮ ಕೆಟ್ಟವಳಲ್ಲ. ತಾನು ಬಾಣಂತಿಯಾಗಿದ್ದಾಗಲೇ ಭತ್ತ ನಾಟಿದವಳು, ಅದನ್ನು ಊರಿಗೆಲ್ಲ ಹೇಳುವವಳು. ನಾನು ಏನಾದರೂ ಅಂದರೆ ಅದರ ಉರಿ ರೇಣುಕಾಗೇ ತಟ್ಟುತ್ತಿತ್ತು.

ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಲ್ಲಿ ತಂಗಿ ಗಂಗವ್ವ ಮಿರ್ಚಿಯ ಪೊಟ್ಟಣ ಹಿಡಿದು ನಿಂತಿದ್ದಳು. ಅಲ್ಲಿಂದ ನೇರ ಬಿಳಿಯರ ದಂಡಿನ ಕಾಲದ ಹಳೆಯ ಬಂಗ್ಲೆಗೆ ಕರೆದೊಯ್ದಳು. ಅಲ್ಲಿನ ಕಿಟಕಿ ನೋಡಿದರೆ ನನ್ನ ಕೌದಿ ನಾಚುತ್ತದೆ ಎಂದು ವರ್ಷಗಟ್ಟಲೆ ಕಾಡಿಸಿದ್ದಳು. ಈಗ ಅಲ್ಲಿರುವ ನಿವೃತ್ತ ಮಾಸ್ತರರು ಬಾಗಿಲು ತೆಗೆದರು.

ಕಿಟಕಿಯ ತುಂಬ ಬಣ್ಣದ ಗಾಜಿನ ಚೂರುಗಳು, ನಡುವೆ ಸೀಸದ ಗೆರೆ. ಥೇಟ್ ಕೌದಿಯೇ. ಗಾಜಿನ ಚಿತ್ರದಲ್ಲಿ ಒಬ್ಬ ಹೆಂಗಸು ತಟ್ಟೆ ಹಿಡಿದು ಕೊಡುತ್ತಿದ್ದಳು, ಒಬ್ಬಳು ಕುಣಿಯುತ್ತಿದ್ದಳು. ಮೂರನೆಯವಳು ತೋಟದ ಬಾಗಿಲಲ್ಲಿ ಕೈಯಲ್ಲಿ ಕನ್ನಡಿ, ಬಾಚಣಿಗೆ ಹಿಡಿದು ನಿಂತಿದ್ದಳು. ಬಂಗಾರದ ಕೂದಲು ಕಂಡು ಲಕ್ಷ್ಮಿಯೆಂದು ಕೈಮುಗಿದೆ.

ಮಾಸ್ತರರು ನಕ್ಕರು. ಕಿಟಕಿಯನ್ನು ಬಿಳಿಯರ ರಾಣಿಯ ಕಾಲದಲ್ಲಿ ವಿಲಾಯತಿಯಿಂದ ತರಿಸಿದ್ದಂತೆ. ಅವರ ಕಡೆಯ ಬಹಳ ಹಳೆಯ ಕಾವ್ಯವೊಂದರಲ್ಲಿ ಮನುಷ್ಯರ ಗುಣಗಳೆಲ್ಲ ಹೆಂಗಸರಾಗಿ ಬರುತ್ತವಂತೆ. ತಟ್ಟೆಯವಳು ಔದಾರ್ಯ, ಕುಣಿಯುವವಳು ಸಂತೋಷ.

"ನೀವು ಕೈಮುಗಿದಾಕಿ ಸೋಮಾರಿತನ ನೋಡ್ರಿ. ಆ ತೋಟದ ಬಾಗಲಾ ತೆಗಿಯಾಕಿ ಆಕೀನ."

ಗಂಗವ್ವ ತಟ್ಟೆಯವಳನ್ನೇ ಹೊಲಿ ಎಂದಳು. ಕೊಡುವುದು, ಮಾಡುವುದು ಬಾಣಂತಿಗೆ ಆಗಲೇ ಸಾಕಷ್ಟಿತ್ತು. ನಾನು ಕನ್ನಡಿಯವಳನ್ನು ಫೋನಿನಲ್ಲಿ ಫೋಟೋ ಹಿಡಿದೆ.

ತಂಗಿಯ ಮನೆಯಲ್ಲಿ ಎರಡು ದಿನ ಕೂತು ಹೊಲಿದೆ. ಕೂದಲಿಗೆ ಹಳದಿ ಇಳಕಲ್ ಸೀರೆಯ ತುಂಡು, ಸೀಸದ ಗೆರೆಗೆ ಕರಿ ದಾರ. ಕೌದಿ ಉಪವಾಸ ಇರಬಾರದೆಂಬುದು ನಮ್ಮ ಕಡೆಯ ಪದ್ಧತಿ, ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ಹೋಳಿಗೆ ಒಳಗಿಟ್ಟೆ.

"ದುಡಿಲಾರದಾಕಿಗೆ ಹೋಳಗಿ ಬ್ಯಾರೆ," ಎಂದಳು ಗಂಗವ್ವ.

ಮೂರನೆಯ ದಿನ ಮತ್ತೆ ಬಸ್ಸು. ಮಸ್ಕಿ ದಾಟಿ ಮುಂದೆ ಹೋದಂತೆ ಭತ್ತದ ಹಸಿರು ಕಂಡಿತು, ಕಿಟಕಿಯ ಗಾಳಿ ತಂಪಾಯಿತು. ಸಿಂಧನೂರಿನಲ್ಲಿ ಬಸಮ್ಮ ಕೌದಿಯನ್ನು ಬಿಡಿಸಿ, ಹೊಲಿಗೆ ಜಗ್ಗಿ ನೋಡಿ, ನಡುವಿನವಳ ಹತ್ತಿರ ನಿಂತಳು.

"ಯಾವ ದೇವಿರೀ ಆಯಿ ಈಕಿ?"

"ತೋಟದ ಬಾಗಲಾ ಕಾಯಾಕಿ." ಇಷ್ಟು ನಿಜ. ಮುಂದಿನದು ನನ್ನದು. "ಭಾಳ ಕಡಕ್ ಅದಾಳ. ಈಕಿ ಕೆಳಗ ಮಲಗಿದವರು ತಾವಾಗೇ ಏಳಬೇಕು. ಎಬ್ಬಿಸಿದವರಿಗೆ ಜಲ್ಮಕ್ಕೂ ನಿದ್ದಿ ಹತ್ತಂಗಿಲ್ಲ."

ಬಸಮ್ಮ ಕೌದಿಗೆ ಕುಂಕುಮ ಹಚ್ಚಿದಳು. ಮರುದಿನ ರೇಣುಕಾ ಎದ್ದದ್ದು ಒಂಬತ್ತಕ್ಕೆ. ಅಂಗಳದಲ್ಲಿ ಒಂದು ಕೊಡವೂ ಸಪ್ಪಳ ಮಾಡಲಿಲ್ಲ.

ಊಟ ಮುಗಿಸಿ ಹೊರಡುವಾಗ ಬಸಮ್ಮನಿಗೆ ಹೇಳಿ ಹೋಗೋಣವೆಂದು ಒಳಗೆ ಹೋದೆ. ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ರೇಣುಕಾ ತುಟಿಯ ಮೇಲೆ ಬೆರಳಿಟ್ಟಳು. ಒಳಗೆ ಕೌದಿ ಹೊದ್ದು ಬಸಮ್ಮ ಗೊರಕೆ ಹೊಡೆಯುತ್ತಿದ್ದಳು. ಅವಳ ಹೊಟ್ಟೆಯ ಮೇಲೆ ಕನ್ನಡಿಯವಳು ಏರುತ್ತ ಇಳಿಯುತ್ತ ಇದ್ದಳು.

"ಎಬ್ಬಸ್ಲೇನು ಆಯಿ?" ರೇಣುಕಾ ಪಿಸುಗುಟ್ಟಿದಳು.

ನಾನು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಗೇಟಿನವರೆಗೂ ಬರಿಗಾಲಲ್ಲಿ ನಡೆದೆ.