ಅರಿಶಿನ ದಾರದ ಗಂಟು

ನಮ್ಮತ್ತೆಯ ಮನೆಯಲ್ಲಿ ಹೊಲದಿಂದ ಏನೇ ಬರಲಿ, ಮೊದಲ ಪಾಲು ಮಠದ ದಾಸೋಹಕ್ಕೆ. ಅದನ್ನು ಮೀಸಲು ಎಂದು ಬಟ್ಟೆಯಲ್ಲಿ ಗಂಟು ಕಟ್ಟಿ ಅರಿಶಿನದ ದಾರ ಸುತ್ತಿಟ್ಟರೆ ಮುಗಿಯಿತು, ಮನೆಯವರು ಒಂದು ಕಾಳನ್ನೂ ಮುಟ್ಟುವಂತಿಲ್ಲ. ಮದುವೆಯಾಗಿ ಸಾಸ್ವೆಹಳ್ಳಿಗೆ ಬಂದ ನನಗೆ ಇದು ಅತಿಯೆನಿಸುತ್ತಿತ್ತು. ಮೀಸಲು ತೆಗೆಯುವ ಕೆಲಸ ನನ್ನ ಪಾಲಿಗೆ ಬಂದಾಗ ಬೆರಳು ಬಿಗಿಹಿಡಿದು ಸಣ್ಣ ಸಣ್ಣ ಹಿಡಿ ಹಾಕುತ್ತಿದ್ದೆ. ಅತ್ತೆ ನೋಡಿಯೂ ನೋಡದ ಹಾಗೆ ಇರುತ್ತಿದ್ದರು. ಅವರು ಸುಮ್ಮನಿರುವುದೇ ನನಗೆ ಸಿಟ್ಟು ತರಿಸುತ್ತಿತ್ತು.

ಅರಿಶಿನದ ದಾರ ಇನ್ನೊಂದು ಗಂಟಿಗೂ ಇರುತ್ತಿತ್ತು. ಅದು ಬಿತ್ತನೆಯ ಅವರೆ. ಅತ್ತೆ ಮದುವೆಯಾದ ವರ್ಷ ಜಗಳೂರಿನ ತವರಿನಿಂದ ಮಡಿಲಲ್ಲಿ ತಂದ ತಳಿ. ವರ್ಷವೂ ಗಟ್ಟಿ ಕಾಳು ಆರಿಸಿ, ಪೂಜೆ ಮಾಡಿ ಎತ್ತಿಡುತ್ತಿದ್ದರು. ಅವರ ತಾಯಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ತವರಿನ ಹೊಲ ಬೇರೆಯವರ ಕೈ ಸೇರಿತ್ತು. ತವರು ಅಂತ ಅವರಿಗೆ ಉಳಿದದ್ದು ಆ ಗಂಟೊಂದೇ.

ಹೋದ ಮುಂಗಾರಿಗೆ ಮುಂಚೆ ಅತ್ತೆ ನ್ಯಾಮತಿಗೆ ಹೋಗಿದ್ದ ದಿನವೇ ದಾಸೋಹದ ಗಾಡಿ ಬಂತು. ನಾನು ಪಾಠ ಮಾಡುವ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಅಟ್ಟಕ್ಕೆ ಕೈ ಹಾಕಿ, ಅರಿಶಿನದ ದಾರ ಕಂಡ ಗಂಟನ್ನು ಇಳಿಸಿ ಕೊಟ್ಟುಬಿಟ್ಟೆ. ಸಂಜೆ ಅತ್ತೆ ಬಂದು ನೋಡಿದರೆ ಮೀಸಲು ಅಲ್ಲೇ ಇದೆ, ಬೀಜ ಇಲ್ಲ! ಮನೆಯಲ್ಲಿದ್ದ ಉಳಿದ ಅವರೆಯೆಲ್ಲ ಆಗಲೇ ಖರ್ಚಾಗಿತ್ತು.

"ಮಠಕ್ಕೆ ಹೋಗಿ ಬದಲಾಯಿಸ್ಕೊಂಡು ಬರ್ತೀನ್ರಿ ಅತ್ತೆ," ಎಂದು ಸ್ಕೂಟರ್ ಕೀ ಹಿಡಿದೆ.

"ದೇವರಿಗೆ ಅಂತ ಕೊಟ್ಟಿದ್ದನ್ನ ವಾಪಸ್ ಕೇಳಾಕೆ ಹೋಗ್ತೀಯೇನು? ಬ್ಯಾಡ."

"ಹಂಗಾರೆ ಮೀಸಲನ್ನೇ ಬಿತ್ತೋಣ್ರಿ. ಅದೂ ನಮ್ಮ ಹೊಲದ ಅವರೆನೇ ಅಲ್ವೇನ್ರಿ?"

"ಅದನ್ನ ಇನ್ನೂ ಕೊಟ್ಟಿಲ್ಲ, ಅಷ್ಟೆ. ನಮ್ದಂತೂ ಅಲ್ಲ. ಹೆಂಗೆ ನಡೆಸ್ಬೇಕು ಅಂತ ಆ ದೇವರಿಗೆ ಗೊತ್ತೈತೆ ಬಿಡು."

ಅವನಿಗೆ ಅಷ್ಟೆಲ್ಲ ಗೊತ್ತಿದ್ದರೆ ನನ್ನ ಕೈ ತಪ್ಪು ಗಂಟಿಗೆ ಹೋಗುವಾಗ ಏನು ಮಾಡುತ್ತಿದ್ದನಂತೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಮರುವಾರ ಗಾಡಿ ಬಂದಾಗ ಮೀಸಲನ್ನು ನನ್ನ ಕೈಯಿಂದಲೇ ಕೊಡಿಸಿದರು. ಹಲ್ಲು ಕಚ್ಚಿಕೊಂಡು ಕೊಟ್ಟೆ. ಒಳಗೆ ಬಂದರೆ, ಅತ್ತೆ ಖಾಲಿ ಅಟ್ಟ ಒರೆಸುತ್ತ ನಿಂತಿದ್ದರು, ಸೆರಗಿನಲ್ಲಿ ಕಣ್ಣನ್ನೂ ಒರೆಸಿಕೊಂಡರು. ಅದನ್ನು ನೋಡಲಾಗದೆ ಪಕ್ಕದ ಮನೆಯಾಕೆಯ ಮುಂದೆ ಹೋಗಿ ಅತ್ತುಬಿಟ್ಟೆ.

ಮಳೆ ಬಿತ್ತು. ಊರೆಲ್ಲ ಬಿತ್ತನೆಗೆ ಇಳಿಯಿತು. ನಾನು ಅತ್ತೆಯ ಮುಖ ನೋಡುವುದನ್ನೇ ತಪ್ಪಿಸುತ್ತಿದ್ದೆ.

ಆ ಭಾನುವಾರ ಪಕ್ಕದ ಮನೆಯಾಕೆಯ ಮಗಳು ಬಂದಳು. ತ್ಯಾವಣಿಗೆಗೆ ಕೊಟ್ಟ ಹುಡುಗಿ. ಬಸ್ಸಿಳಿದವಳು ತಾಯಿಯ ಮನೆಗೂ ಹೋಗದೆ ನೇರ ನಮ್ಮ ಜಗಲಿಗೆ ಬಂದು ಚೀಲ ಇಳಿಸಿದಳು.

"ನನ್ನ ಮದುವೇಲಿ ಹಿತ್ತಲಿಗೆ ಹಾಕ್ಕ ಅಂತ ಒಂದು ಹಿಡಿ ಅವರೆ ಕೊಟ್ಟಿದ್ರಲ್ಲ ದೊಡ್ಡವ್ವ, ಅದೇ ಇದು. ಅವ್ವ ಫೋನ್‌ನಾಗೆ ಎಲ್ಲಾ ಹೇಳಿದ್ಲು. ಈಗ ನಮ್ಮ ಓಣಿ ತುಂಬ ನಿಮ್ಮ ಅವರೇನೇ ಐತ್ರಿ!"

ಅತ್ತೆ ಒಂದಿಷ್ಟು ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು, ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ನಮ್ಮವ್ವಂದೇ," ಎಂದರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅಲ್ಲೇ ಕಂಬಕ್ಕೆ ಒರಗಿ ಕುಳಿತೆ. ಅಷ್ಟು ಹಗುರವಾದ ಉಸಿರು ಬಿಟ್ಟು ಎಷ್ಟೋ ದಿನವಾಗಿತ್ತು.

ಅತ್ತೆ ಚೀಲವನ್ನು ನನ್ನ ಕಡೆ ಸರಿಸಿದರು. "ಮೊದ್ಲು ಮೀಸಲು ತೆಗಿ."

ನಾನು ಎರಡೂ ಕೈ ಸೇರಿಸಿ ಬೊಗಸೆ ತುಂಬ ತೆಗೆದು ಬಟ್ಟೆಗೆ ಹಾಕಿದೆ. ಇನ್ನೊಂದು ಬೊಗಸೆ ಹಾಕಿದೆ. ಮೂರನೆಯದಕ್ಕೆ ಕೈಯಿಟ್ಟಾಗ ಅತ್ತೆ ನಗುತ್ತ ನನ್ನ ಮುಂಗೈ ಹಿಡಿದುಕೊಂಡರು.

"ಸಾಕು ಬಿಡೇ ತಾಯಿ, ಬಿತ್ತಾಕೂ ಒಂದಿಷ್ಟು ಉಳಿಸು."