ಸೆಲ್ವಿಯ ಗ್ನೋಮ್

ಆಗೆಲ್ಲ ಬೇಸಿಗೆ ರಜೆ ಎಂದರೆ ನಮಗೆ ಜೀವನ್ ಬಿಮಾ ನಗರದ ಕ್ವಾರ್ಟರ್ಸ್ ಮೆಟ್ಟಿಲು. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು, ಕುಂಡಿಗೆ ತಂಪಾಗುವ ರೆಡ್ ಆಕ್ಸೈಡ್ ನೆಲ, ತಲೆಯ ಮೇಲೇ ಇಳಿಯುವ ವಿಮಾನದ ಸದ್ದಿಗೆ ಅರ್ಧಕ್ಕೆ ನಿಲ್ಲುವ ಮಾತು. ಮೇಲ್ಮನೆಯ ವಿನಯಣ್ಣ ಕಾಲೇಜಿನಿಂದ ಒಂದು ಆಟದ ನಿಯಮಗಳ ಜೆರಾಕ್ಸ್ ತಂದಿದ್ದ. ಅವನು ಕಥೆ ಹೇಳುತ್ತಿದ್ದ, ನಾವು ಅದರೊಳಗೆ ಒಂದೊಂದು ಪಾತ್ರವಾಗುತ್ತಿದ್ದೆವು. ಅದಕ್ಕೆ ಬೇಕಾದ ಇಪ್ಪತ್ತು ಮುಖದ ದಾಳ ಎಲ್ಲಿಂದ ತರೋಣ? ಒಂದರಿಂದ ಇಪ್ಪತ್ತರವರೆಗಿನ ತಂಬೋಲಾ ಬಿಲ್ಲೆಗಳನ್ನು ಚೀಲಕ್ಕೆ ಹಾಕಿ ಎತ್ತುತ್ತಿದ್ದೆವು; ದೊಡ್ಡ ಸಂಖ್ಯೆ ಬಂದರೆ ಮಾಡಿದ್ದು ಫಲಿಸಿದಂತೆ.

ನಾನು ಬಿಲ್ಲು ಹಿಡಿದ ಎಲ್ಫ್ ಎಂಬ ಕಿನ್ನರ, ನನ್ನ ತಮ್ಮ ಕೊಡಲಿಯ ಡ್ವಾರ್ಫ್ ಎಂಬ ಕುಳ್ಳ. ಕೆಳಮನೆಯ ಸೆಲ್ವಿ ಮಾತ್ರ ಯಾರಿಗೂ ಬೇಡವಾದ, ನೆಲದಡಿ ವಾಸಿಸುವ ಗ್ನೋಮ್ ಆರಿಸಿಕೊಂಡಳು. ಇಂಗ್ಲಿಷಿನಲ್ಲಿ ಆ 'ಗ' ಉಚ್ಚರಿಸಬಾರದೆಂದು ಯಾರಿಗೆ ಗೊತ್ತಿತ್ತು! ತನ್ನ ಗ್ನೋಮಿಗೆ ಗುಂಡುಮಣಿ ಎಂದು ಹೆಸರಿಟ್ಟು, ದಪ್ಪ ಮೂಗಿನ ಚಿತ್ರವನ್ನೂ ಬರೆದಿದ್ದಳು.

"ಡ್ವಾರ್ಫೂ ಕುಳ್ಳ, ಗ್ನೋಮೂ ಕುಳ್ಳ. ಒಂದೇ ಜಾತಿಗೆ ಎರಡು ಹೆಸರ್ಯಾಕೆ? ಬೇರೆ ಏನಿದೆ ಅಂತ ಇವತ್ತು ತೋರ್ಸು, ಇಲ್ಲಾಂದ್ರೆ ಗುಂಡುಮಣೀನ ತೆಗೆದ್ಬಿಡ್ತೀನಿ," ಎಂದ ವಿನಯಣ್ಣ. ಸೆಲ್ವಿಯ ಮುಖ ಸಪ್ಪಗಾಯಿತು.

ಕಥೆಯಲ್ಲಿ ಒಂದು ಗುಹೆಯ ಕಬ್ಬಿಣದ ಬಾಗಿಲು ಅಡ್ಡ ಬಂತು. ತಮ್ಮನ ಕೊಡಲಿ ಮೊಂಡಾಯಿತು, ನನ್ನ ಬಾಣ ಮುರಿಯಿತು.

"ಅಣ್ಣಾ, ಇಲ್ಲಿ ಹೆಗ್ಗಣ ಇದ್ಯಾ?" ಎಂದಳು ಸೆಲ್ವಿ.

"ಇರ್ಬೋದು. ಯಾಕೆ?"

"ಬಿಲದ ಪ್ರಾಣಿಗಳ ಭಾಷೆ ಗ್ನೋಮಿಗೆ ಬರತ್ತೆ. ನಿಮ್ಮ ಜೆರಾಕ್ಸಲ್ಲೇ ಇದೆ."

ನಾವೆಲ್ಲ ಕಿಸಕ್ಕೆಂದೆವು. ಸೆಲ್ವಿ ನೆಲಕ್ಕೆ ಬಗ್ಗಿ, ಬಲು ಗಂಭೀರವಾಗಿ, "ಏನಪ್ಪಾ, ಊಟ ಆಯ್ತಾ?" ಎಂದಳು.

ಪಾಪ, ವಿನಯಣ್ಣನೇ ಹೆಗ್ಗಣವಾಗಬೇಕಾಯಿತು. "ಇನ್ನೂ ಇಲ್ಲಮ್ಮಾ," ಎಂದ ಕೀರಲು ದನಿಯಲ್ಲಿ. "ಒಳಗೆ ರಾಕ್ಷಸ ಇದ್ದಾನೆ. ಬೆಕ್ಕು ಅಂದ್ರೆ ಹೆದರಿ ಸಾಯ್ತಾನೆ."

"ಹಾಗಾದ್ರೆ ಗುಂಡುಮಣಿ ಒಳಗೇ ಮಾಯದ ಬೆಕ್ಕು ಮಾಡ್ತಾನೆ. ಕಣ್ಕಟ್ಟೂ ಗ್ನೋಮಿನ ವಿದ್ಯೇನೇ!" ಎಂದು ಸೆಲ್ವಿ ಮಿಯಾಂವ್ ಎಂದಳು. ಚೀಲದಿಂದ ದೊಡ್ಡ ಸಂಖ್ಯೆಯ ಬಿಲ್ಲೆಯೇ ಬಂತು. ರಾಕ್ಷಸ ತಾನೇ ಬಾಗಿಲು ತೆಗೆದು ಓಟ ಕಿತ್ತ. ಅಬ್ಬಾ, ಎಂಥಾ ತಲೆ ಅವಳದು!

"ಒಪ್ಪಿದೆ ತಾಯಿ. ಡ್ವಾರ್ಫ್ ಒಡೀತಾನೆ, ಗ್ನೋಮ್ ವಿಚಾರಿಸ್ತಾನೆ. ಬೇರೆ ಜಾತೀನೇ," ಎಂದು ವಿನಯಣ್ಣ ಕೈಮುಗಿದ.

ಮರುವರ್ಷ ಸೆಲ್ವಿಯ ಅಪ್ಪನಿಗೆ ಮಧುರೆಗೆ ವರ್ಗವಾಯಿತು. ನಾವು ಕೆಲವು ದಿನ ಆಡಿದೆವು, ಕಥೆಯಲ್ಲಿ ಸಿಕ್ಕಿದ್ದನ್ನೆಲ್ಲ ಒಡೆದೆವು, ಆಟ ಬೇಸರವಾಗಿ ನಿಂತುಹೋಯಿತು. ಆಮೇಲೆ ಬುದ್ಧಿವಂತ ಸ್ನೇಹಿತರು ಬೇಕಾದಷ್ಟು ಸಿಕ್ಕರು. ಹೆಗ್ಗಣಕ್ಕೂ ಊಟ ಆಯಿತೇ ಎಂದು ಕೇಳುವವಳು ಮತ್ತೆ ಸಿಗಲಿಲ್ಲ.